‘ಡಟಾಯ್’ ಹೆಣ್ಣು ಯಾಕೆ? ಅದಕ್ಕೆ ‘ಕಡತ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಜರ್ಮನ್ ಪದ ಹಿಡಿದುಕೊಂಡು ಬಂದಿದ್ದೇನೆ: ‘ಡಟಾಯ್’, ಅಂದರೆ ಕಂಪ್ಯೂಟರಿನ ಫೈಲ್. ಕೊನೆಗೆ ಕೇಳುವುದು ಕನ್ನಡದ ಪ್ರಶ್ನೆಯನ್ನೇ, ಅಲ್ಲಿವರೆಗೆ ಸ್ವಲ್ಪ ತಾಳ್ಮೆ ಇರಲಿ.

ಸ್ಟುಟ್‌ಗಾರ್ಟ್‌ಗೆ ಬಂದ ಹೊಸತು. ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲವೂ ಜರ್ಮನ್. ಒಂದು ದಿನ ಹಳೇ ಫೈಲಿನ ಹೆಸರಿನಲ್ಲೇ ಹೊಸದೊಂದನ್ನು ಸೇವ್ ಮಾಡಲು ಹೋದೆ. ಪರದೆ ಮೇಲೆ ಪ್ರಶ್ನೆ ಬಂತು: ‘ಡೀ ಡಟಾಯ್ ಎಕ್ಸಿಸ್ಟೀರ್ಟ್ ಬೆರಾಯ್ಟ್ಸ್. ಮ್ಯೋಷ್ಟೆನ್ ಜೀ ಜೀ ಎರ್ಜೆಟ್ಸೆನ್?’ ಎರಡು ಸಲ ಜೀ! ಯಾರೋ ಟೈಪ್ ಮಾಡುವಾಗ ತಪ್ಪಿದ್ದಾರೆ ಅಂದುಕೊಂಡೆ. ಪಕ್ಕದ ಮೇಜಿನವರನ್ನು ಕರೆದು ತೋರಿಸಿದರೆ ಅವರಿಗೆ ನಗು. ಮೊದಲನೇ ಜೀ ದೊಡ್ಡಕ್ಷರದಲ್ಲಿ ಶುರುವಾಗುತ್ತದೆ, ಅದು ‘ನೀವು’. ಎರಡನೆಯದು ಚಿಕ್ಕಕ್ಷರದ್ದು, ಅದು ‘ಅವಳನ್ನು’. ‘ಈ ಫೈಲ್ ಆಗಲೇ ಇದೆ. ಅವಳ ಜಾಗಕ್ಕೆ ಇನ್ನೊಂದನ್ನು ಹಾಕಬೇಕಾ?’ ಅಂತ ಕಂಪ್ಯೂಟರ್ ಮರ್ಯಾದೆಯಿಂದ ಕೇಳುತ್ತಿತ್ತು. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ, ಕೇಳುವಾಗಲೂ ಅಷ್ಟೇ.

ಹಾಗಾದರೆ ಫೈಲ್ ‘ಅವಳು’ ಹೇಗಾದಳು? ನಮಗೆ ಈ ತಲೆನೋವೇ ಇಲ್ಲ. ಮನುಷ್ಯರು, ದೇವರು ಆದರೆ ಅವನು ಅವಳು, ಉಳಿದದ್ದೆಲ್ಲ ‘ಅದು’, ಮುಗೀತು. ಜರ್ಮನ್‌ನಲ್ಲಿ ವಸ್ತುವನ್ನು ನೋಡಿ ಏನೂ ಹೇಳಲಾಗುವುದಿಲ್ಲ, ಪದದ ಬಾಲ ನೋಡಬೇಕು. ‘ಡಟಾಯ್’ ಪದದ ಒತ್ತು ಕೊನೆಯ ‘ಆಯ್’ ಮೇಲೆ ಬೀಳುತ್ತದೆ. ನಾನು ಬಹಳ ದಿನ ‘ಡೇಟೈ’ ಅಂತಿದ್ದೆ, ಯಾರಿಗೂ ತಿಳಿಯುತ್ತಿರಲಿಲ್ಲ. ಈ ‘ಆಯ್’ ಪ್ರತ್ಯಯ ಹತ್ತಿದ ಪದಗಳೆಲ್ಲ ಹೆಣ್ಣು. ಬ್ರೆಡ್ಡಿನ ಅಂಗಡಿ ‘ಬೆಕರಾಯ್’, ಲೈಬ್ರರಿ ‘ಬ್ಯೂಶೆರಾಯ್’, ಮಾಂಸದಂಗಡಿ ‘ಮೆಟ್ಸ್ಗೆರಾಯ್’, ಎಲ್ಲದರ ಮುಂದೂ ಹೆಣ್ಣಿನ ಗುರುತಿನ ಪುಟ್ಟ ಪದ ‘ಡೀ’ (ಗಂಡಿಗೆ ‘ಡೇರ್’, ನಪುಂಸಕಕ್ಕೆ ‘ಡಾಸ್’). ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ‘ಆಯ್’ ಅನ್ನುವುದೇ ಒಂದು ಪದವೂ ಹೌದು, ಅರ್ಥ ಮೊಟ್ಟೆ, ಅದು ನಪುಂಸಕ, ‘ಡಾಸ್ ಆಯ್’. ಗಿಣಿ ‘ಪಾಪಗಾಯ್’ ಗಂಡು. ಗಂಜಿ ‘ಬ್ರಾಯ್’ ಕೂಡ ಗಂಡು. ಅಲ್ಲೆಲ್ಲ ‘ಆಯ್’ ಹೊರಗಿನಿಂದ ಹತ್ತಿದ್ದಲ್ಲ, ಪದದ ಮೈಯೇ ಹಾಗಿದೆ.

‘ಡಟಾಯ್’ ಹುಟ್ಟಿದ್ದು ಎರಡು ಪದಗಳನ್ನು ಬೆಸೆದು. ಒಂದು ‘ಡಾಟೆನ್’, ಅಂದರೆ ಡೇಟಾ. ಇನ್ನೊಂದು ‘ಕಾರ್ಟಾಯ್’, ಅಂದರೆ ಹಳೇ ಲೈಬ್ರರಿಗಳಲ್ಲಿ ಉದ್ದನೆ ಡ್ರಾಯರಿನಲ್ಲಿ ಜೋಡಿಸಿಟ್ಟಿರುತ್ತಿದ್ದ ಕಾರ್ಡುಗಳ ಕಟ್ಟು. ನನಗೆ ಇದು ತುಂಬಾ ಹಿಡಿಸಿತು. ಇಂಗ್ಲಿಷಿನ ಫೈಲನ್ನು ಹಾಗೇ ಎತ್ತಿಕೊಳ್ಳದೆ ಮೇಜಿನ ಮೇಲಿದ್ದ ಸಾಮಾನಿನಿಂದಲೇ ಪದ ಮಾಡಿಕೊಂಡಿದ್ದಾರೆ. ‘ಡಾಸ್ ಫೈಲ್’ ಅಂತ ಐಟಿಯವರ ಬಾಯಲ್ಲಿ ಕೇಳಿಬರುವುದಿದೆ, ಅದು ನಪುಂಸಕ. ಆದರೆ ದಿನದ ಮಾತಿನಲ್ಲಿ ಡಟಾಯ್‌ದೇ ರಾಜ್ಯ. ಅಂದಹಾಗೆ ‘ಡೀ ಫಾಯ್ಲೆ’ ಅಂದರೆ ಕಬ್ಬಿಣ ಉಜ್ಜುವ ಅರ. ಹುಷಾರು.

ವ್ಯಾಕರಣ ಕಷ್ಟವೇನಲ್ಲ, ಮೋಸ ಮಾತ್ರ ಇದೆ. ಬಹುವಚನ ‘ಡಟಾಯೆನ್’. ‘ಅನ್ನು’ ಬರುವಲ್ಲಿ ಏನೂ ಬದಲಾಗುವುದಿಲ್ಲ, ‘ಡೀ ಡಟಾಯ್’ ಹಾಗೇ ಇರುತ್ತದೆ. ‘ಅಲ್ಲಿ’ ಬರುವಾಗ ‘ಇನ್ ಡೇರ್ ಡಟಾಯ್’ ಆಗಿಬಿಡುತ್ತದೆ. ಡೇರ್ ಅಂದರೆ ಗಂಡು ಅಂತ ಮೊದಲ ವಾರದಲ್ಲಿ ಉರು ಹೊಡೆಸಿ, ಆರನೇ ವಾರದಲ್ಲಿ ಅದೇ ಡೇರ್ ಅನ್ನು ಹೆಣ್ಣಿನ ಮುಂದೆ ತಂದು ನಿಲ್ಲಿಸುತ್ತಾರೆ! ನಮ್ಮಲ್ಲಿ ವಿಭಕ್ತಿ ಪದದ ಹಿಂದೆ ಅಂಟುತ್ತದೆ, ಇವರಲ್ಲಿ ಮುಂದಿನ ಪುಟ್ಟ ಪದ ವೇಷ ಬದಲಿಸುತ್ತದೆ. ಹೀಗೆ ಯೋಚಿಸಿದ ಮೇಲೆ ನನಗೆ ಸುಲಭವಾಯಿತು. ಫೋಲ್ಡರಿಗೆ ಇಲ್ಲಿ ‘ಓರ್ಡ್ನರ್’ ಅನ್ನುತ್ತಾರೆ, ಅದು ಗಂಡು. ‘ಫೋಲ್ಡರಿಗೆ ಹಾಕು’ ಅನ್ನಲು ‘ಇನ್ ಡೇನ್ ಓರ್ಡ್ನರ್’, ‘ಫೋಲ್ಡರಿನಲ್ಲಿದೆ’ ಅನ್ನಲು ‘ಇಮ್ ಓರ್ಡ್ನರ್’. ನಮ್ಮ ‘ಗೆ’ ಮತ್ತು ‘ಅಲ್ಲಿ’ಯ ವ್ಯತ್ಯಾಸ ಅಷ್ಟೇ ಅಲ್ವಾ? ಇಂಗ್ಲಿಷಿನ ಮೂಲಕ ಕಲಿಯಲು ಹೋದಾಗ ಇದೇ ವಿಷಯಕ್ಕೆ ಎರಡು ವಾರ ಒದ್ದಾಡಿದ್ದೆ.

ಜೋಡುಪದದಲ್ಲಿ ಕೊನೆಯ ಪದ ಹೇಳಿದಂತೆ ಲಿಂಗ. ಫೈಲಿನ ಹೆಸರು ‘ಡೇರ್ ಡಟಾಯ್‌ನಾಮೆ’. ಅದೇ ಹೆಸರಿನ ಚುಕ್ಕಿ ಆದಮೇಲಿನ ಬಾಲ ‘ಡೀ ಡಟಾಯ್‌ಎಂಡುಂಗ್’. ಫಾರ್ಮ್ಯಾಟ್ ‘ಡಾಸ್ ಡಟಾಯ್‌ಫೋರ್ಮಾಟ್’. ಒಂದೇ ಫೈಲಿನ ಸುತ್ತ ಗಂಡು, ಹೆಣ್ಣು, ನಪುಂಸಕ ಮೂರೂ ಓಡಾಡುತ್ತವೆ.

ಆಫೀಸಿನಲ್ಲಿ ದಿನಾ ಕಿವಿಗೆ ಬೀಳುವ ಮಾತು ‘ವೋ ಲೀಕ್ಟ್ ಡೀ ಡಟಾಯ್?’ ಅಂದರೆ, ಆ ಫೈಲ್ ಎಲ್ಲಿ ಮಲಗಿದೆ? ಫೈಲುಗಳು ಇಲ್ಲಿ ಇರುವುದಿಲ್ಲ, ಮಲಗಿರುತ್ತವೆ. ಸರ್ವರ್ ಮೇಲೆ ಮಲಗಿರುತ್ತವೆ, ಡೆಸ್ಕ್‌ಟಾಪ್ ಮೇಲೆ ಮಲಗಿರುತ್ತವೆ. ನಾವೂ ‘ಅಲ್ಲೇ ಎಲ್ಲೋ ಬಿದ್ದಿರುತ್ತೆ ನೋಡು’ ಅನ್ನುತ್ತೇವಲ್ಲ, ಹತ್ತಿರ ಹತ್ತಿರ ಹಾಗೇ. ಸೇವ್ ಮಾಡುವುದಕ್ಕೆ ‘ಶ್ಪಾಯ್ಶರ್ನ್’. ‘ಶ್ಪಾಯ್ಶರ್’ ಅಂದರೆ ಮೂಲದಲ್ಲಿ ಕಾಳು ತುಂಬಿಡುವ ಕಣಜ. ಹ್ಯಾಂಬರ್ಗ್‌ನ ಹಳೇ ಉಗ್ರಾಣಗಳ ಬಡಾವಣೆಗೆ ‘ಶ್ಪಾಯ್ಶರ್‌ಶ್ಟಾಟ್’ ಅಂತಲೇ ಹೆಸರು, 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕಂಪ್ಯೂಟರ್ ಕೈಕೊಟ್ಟರೆ ‘ಅವನು’ ಬೆಟ್ಟದಿಂದ ಉರುಳಿಬಿದ್ದ ಅನ್ನುವ ಕ್ರಿಯಾಪದವನ್ನೇ ಬಳಸುತ್ತಾರೆ, ‘ಏರ್ ಇಸ್ಟ್ ಆಬ್‌ಗೆಶ್ಟ್ಯುರ್ಟ್ಸ್ಟ್’. ಇದನ್ನು ಒಂದೇ ಉಸಿರಲ್ಲಿ ಹೇಳುವಷ್ಟರಲ್ಲಿ ಕಂಪ್ಯೂಟರ್ ಮತ್ತೆ ಎದ್ದಿರುತ್ತದೆ.

ಈಗ ನನ್ನ ಎಡವಟ್ಟು. ಒಂದು ಸರ್ಕಾರಿ ಕಚೇರಿಗೆ ಅರ್ಜಿ ಕಳಿಸಿದ್ದೆ. ಏನಾಯಿತು ಅಂತ ಫೋನ್ ಮಾಡಿದರೆ ಆ ಕಡೆಯವರು ‘ಆಕ್ಟೆನ್‌ಟ್ಸಾಯ್ಶೆನ್?’ ಅಂದರು. ಫೈಲಿನದು ಏನೋ ಕೇಳುತ್ತಿದ್ದಾರೆ ಅಂತ ಗೊತ್ತಾಯಿತು. ನಾನು ಕಳಿಸಿದ ಪಿಡಿಎಫ್‌ನ ಹೆಸರನ್ನು ಗಂಭೀರವಾಗಿ ಓದಿದೆ: ಸ್ಕ್ಯಾನ್, ಅಂಡರ್‌ಸ್ಕೋರ್, ಹೊಸದು, ಅಂಡರ್‌ಸ್ಕೋರ್, ಎರಡು. ‘ಹೊಸದು’ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆನಾದ್ದರಿಂದ ಒಂದೊಂದೇ ಅಕ್ಷರ ಬಿಡಿಸಿ ಬೇರೆ ಹೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ನಮ್ಮ ಪತ್ರದ ಬಲಗಡೆ ಮೇಲೆ ಒಂದು ನಂಬರ್ ಇದೆ, ಅದನ್ನು ಹೇಳಿ ಅಂದರು. ಆಗ ತಿಳಿಯಿತು. ‘ಆಕ್ಟೆ’ ಬೇರೆ, ‘ಡಟಾಯ್’ ಬೇರೆ. ಕಚೇರಿ, ಕೋರ್ಟು, ಆಸ್ಪತ್ರೆಯಲ್ಲಿ ಒಬ್ಬರ ಮೇಲೆ ಅಥವಾ ಒಂದು ಪ್ರಕರಣದ ಮೇಲೆ ಕಟ್ಟಿಡುವ ಕಾಗದಪತ್ರ ಆಕ್ಟೆ. ಅದೂ ಹೆಣ್ಣೇ. ಅದರ ನಂಬರ್ ಆಕ್ಟೆನ್‌ಟ್ಸಾಯ್ಶೆನ್. ಈ ಕಾಗದಗಳನ್ನು ಸಿಕ್ಕಿಸಿಡುವ ದಪ್ಪ ರಟ್ಟಿನ ಫೈಲೇ ಓರ್ಡ್ನರ್. ಅದರೊಳಗಿನ ಕಬ್ಬಿಣದ ಕಡ್ಡಿ, ಎತ್ತಿ ಒತ್ತುವ ಹಿಡಿ ಇದೆಯಲ್ಲ, ಅದು ಈ ಊರಿನದೇ. ಲೂಯಿ ಲೈಟ್ಸ್ ಅನ್ನುವವರು 1871ರಲ್ಲಿ ಇಲ್ಲಿ ಶುರುಮಾಡಿದ ಕಂಪನಿಯದು. ಇಲ್ಲಿ ಯಾರ ಮನೆಗೆ ಹೋದರೂ ಒಂದು ಕಪಾಟಿನ ತುಂಬ ಓರ್ಡ್ನರ್ ಸಾಲು ಸಾಲು ನಿಂತಿರುತ್ತವೆ.

ನಮ್ಮಲ್ಲಿ ಈ ಮೂರಕ್ಕೂ ‘ಫೈಲ್’. ‘ನಿಮ್ಮ ಫೈಲ್ ಇನ್ನೂ ಮೂವ್ ಆಗಿಲ್ಲ’ ಅಂದರೆ ಆಕ್ಟೆ. ‘ಫೈಲ್ ವಾಟ್ಸಾಪ್ ಮಾಡು’ ಅಂದರೆ ಡಟಾಯ್. ‘ಅಂಗಡಿಯಿಂದ ಒಂದು ಫೈಲ್ ತಗೊಂಡು ಬಾ’ ಅಂದರೆ ಓರ್ಡ್ನರ್. ಹೊಸದಾಗಿ ಬಂದ ನಮ್ಮ ಹುಡುಗರಿಗೆ ಜರ್ಮನ್ ಪದಗಳ ಪಟ್ಟಿಯೊಂದನ್ನು ಕನ್ನಡದಲ್ಲಿ ಮಾಡುತ್ತಿದ್ದೇನೆ, ಅಲ್ಲಿ ಇದು ಸಿಕ್ಕಿಕೊಂಡಿದೆ. ಆಕ್ಟೆಗೆ ‘ಕಡತ’ ಅಂತ ಬರೆದುಬಿಟ್ಟಿದ್ದೆ. ಪೇಪರಿನಲ್ಲಿ ಕಡತ ವಿಲೇವಾರಿ, ಕಡತ ನಾಪತ್ತೆ ಅಂತ ಓದಿ ಬೆಳೆದವರಲ್ಲವಾ ನಾವು. ಆದರೆ ಕಂಪ್ಯೂಟರಿನ ಕನ್ನಡ ಅನುವಾದಗಳಲ್ಲಿ ಡಟಾಯ್‌ಗೂ ‘ಕಡತ’ ಅಂತಲೇ ಇದೆ.

ಮೊದಲು ಅದು ತಪ್ಪು ಅನ್ನಿಸಿತ್ತು. ಈಗ ಅನುಮಾನ. ಹಳೇ ಕಡತ ಅಂದರೆ ಬಟ್ಟೆ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇವೆ. ಮುಖ್ಯ ವಿಷಯ ಏನೆಂದರೆ, ಕಡತದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಆಕ್ಟೆಯಲ್ಲಿ ಹಾಗೆ ಒರೆಸಿದರೆ ಕೇಸು ಬೀಳುತ್ತದೆ. ಹಳೆಯದರ ಮೇಲೆ ಹೊಸದು ಬರೆಯಲಾ ಅಂತ ಕೇಳುವುದು ಡಟಾಯ್ ಮಾತ್ರ, ಆ ಜೀ ಜೀ ಪ್ರಶ್ನೆ! ಹಾಗೆ ನೋಡಿದರೆ ‘ಕಡತ’ ಪದಕ್ಕೆ ಕಚೇರಿಯ ಕಾಗದದ ಕಟ್ಟಿಗಿಂತ ಕಂಪ್ಯೂಟರೇ ಹತ್ತಿರದ ನೆಂಟ.

ಹಾಗಾಗಿ ಕೇಳುವುದು ಇಷ್ಟು. ಡಟಾಯ್‌ಗೆ ಕಡತ ಅಂತ ಇಟ್ಟರೆ ಆಕ್ಟೆಗೆ ಏನು ಬರೆಯಲಿ? ಸುಮ್ನೆ ‘ಆಫೀಸ್ ಫೈಲ್’ ಸಾಕಾ, ಅಥವಾ ನಿಮ್ಮ ಕಡೆ ಕಚೇರಿಗಳಲ್ಲಿ ಬೇರೆ ಮಾತು ಇದೆಯಾ? ಇನ್ನೊಂದು, ನಿಮ್ಮ ಮನೆಯಲ್ಲೋ ಅಜ್ಜನ ಪೆಟ್ಟಿಗೆಯಲ್ಲೋ ಬಟ್ಟೆಯ ಕಡತ ನೋಡಿದವರು ಯಾರಾದರೂ ಇದ್ದೀರಾ? ಅದನ್ನು ಒರೆಸಿ ಮತ್ತೆ ಬರೆಯುವುದಕ್ಕೆ ಹಿರಿಯರು ಏನನ್ನುತ್ತಿದ್ದರು? ಅಳಿಸುವುದು, ಉಜ್ಜುವುದು, ಇಲ್ಲ ಅದಕ್ಕೇ ಅಂತ ಬೇರೆ ಪದ ಇತ್ತಾ? ಇದ್ದರೆ ‘ಓವರ್‌ರೈಟ್’ ಅನ್ನುವುದಕ್ಕೆ ಅದನ್ನೇ ಹಾಕುತ್ತೇನೆ.