ಚರ್ಚಸ್ ತಂಡದ ಏಳಿಗೆಗೆ ಕಾರಣವೇನು?

ಪ್ರಶ್ನೆ: ಗ್ಲಾಸ್ಗೋ ನಗರದಲ್ಲಿ 2011ರಲ್ಲಿ ಹುಟ್ಟಿದ ಚರ್ಚಸ್ ಎಂಬ ಮೂವರ ಎಲೆಕ್ಟ್ರಾನಿಕ್ ಪಾಪ್ ತಂಡವು ಎರಡೇ ವರ್ಷಗಳಲ್ಲಿ ಇಷ್ಟೊಂದು ಹೆಸರು ಮಾಡಿದ್ದು ಹೇಗೆ?

ಉತ್ತರ 1: 2012ರ ಮೇ ತಿಂಗಳಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ಬಿಟ್ಟ ‘ಲೈಸ್’ ಹಾಡು ಬ್ಲಾಗುಗಳ ಮೂಲಕ ಹರಡಿತು. ತಂಡದ ಸದಸ್ಯ ಇಯಾನ್ ಕುಕ್ ಅವರ ನೆಲಮಾಳಿಗೆಯ ಸ್ಟುಡಿಯೊದಲ್ಲಿ, ಹೊರಗಿನ ನಿರ್ಮಾಪಕರ ನೆರವಿಲ್ಲದೆ ತಾವೇ ರೂಪಿಸಿದ ಮೊದಲ ಆಲ್ಬಮ್ 2013ರ ಸೆಪ್ಟೆಂಬರ್‌ನಲ್ಲಿ ಹೊರಬಂದಿತು.

ಉತ್ತರ 2: ಇದನ್ನು ಸಂಪೂರ್ಣ ಸ್ವತಂತ್ರ ಯಶಸ್ಸು ಎನ್ನಲು ನಾನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ಆ ಆಲ್ಬಮ್ ಹೊರತಂದದ್ದು ವರ್ಜಿನ್ ಎಂಬ ದೊಡ್ಡ ರೆಕಾರ್ಡ್ ಕಂಪನಿ. ಅಲ್ಲದೆ ಮೂವರೂ ಬೇರೆ ತಂಡಗಳಲ್ಲಿ ಪಳಗಿದವರೇ (ಗಾಯಕಿ ಲಾರೆನ್ ಮೇಬೆರಿ ಡ್ರಮ್ಸ್ ಕೂಡ ನುಡಿಸುತ್ತಿದ್ದರು).

ಉತ್ತರ 3: ಪ್ರಚಾರಕ್ಕಿಂತ ನಾದವೇ ಮುಖ್ಯವೆಂದು ನನ್ನ ಅನಿಸಿಕೆ: ಸಿಂಥಸೈಜರಿನ ಭಾರವಾದ ಅಲೆಗಳ ನಡುವೆಯೂ ಮೇಬೆರಿಯವರ ತಿಳಿಯಾದ ಕಂಠದ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸುತ್ತದೆ.