ಹಮ್ಮಿಂಗ್‌ಬರ್ಡ್‌ಗೆ ‘ಸೂರಕ್ಕಿ’ ಅನ್ನಬಹುದೇ? ‘ತೇಲು’ ಸರಿಯೇ?

ಗೆಳೆಯರೇ,

ಮಂಗಳೂರಿನ ಒಂದು ಮಕ್ಕಳ ಪತ್ರಿಕೆಗೆ ಅಮೆಜಾನ್ ಕಾಡಿನ ‘ಕ್ರಿಮ್ಸನ್ ಟೋಪಾಜ್’ ಎಂಬ ಹಮ್ಮಿಂಗ್‌ಬರ್ಡ್ ಬಗ್ಗೆ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ಹೆಸರು. ನಮ್ಮ ಕಡೆ ಬಾಳೆಯ ಪೂಂಬೆಗೆ ತಲೆಕೆಳಗಾಗಿ ಜೋತುಬಿದ್ದು ಮಕರಂದ ಹೀರುವ ಪುಟ್ಟ ಹಕ್ಕಿಯ ಫೋಟೊ ಹಾಕಿ ‘ಮನೆಗೆ ಹಮ್ಮಿಂಗ್‌ಬರ್ಡ್ ಬಂತು’ ಅನ್ನುವವರು ಬೇಕಾದಷ್ಟು ಜನ. ಅದು ಸೂರಕ್ಕಿ. ಹಮ್ಮಿಂಗ್‌ಬರ್ಡ್‌ಗಳಲ್ಲಿ ಸುಮಾರು 360 ಜಾತಿ, ಅಷ್ಟೂ ಅಮೆರಿಕ ಖಂಡಗಳಲ್ಲೇ. ಅದಕ್ಕೆ ಹತ್ತಿರದ ನೆಂಟ ನಮ್ಮ ಹಳೇ ಕಟ್ಟಡಗಳ ಸೂರಿನಡಿ ಗೂಡು ಕಟ್ಟುವ ಸ್ವಿಫ್ಟ್, ಸೂರಕ್ಕಿ ಅಲ್ಲ. ಹಾಗಾಗಿ ‘ಅಮೆರಿಕದ ಸೂರಕ್ಕಿ’ ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. (ಮುಸ್ಸಂಜೆ ಹೂವಿನ ಮುಂದೆ ಗುಂಯ್ ಎನ್ನುತ್ತಾ ನಿಲ್ಲುವ ಇನ್ನೊಂದು ‘ಹಮ್ಮಿಂಗ್‌ಬರ್ಡ್’ ಇದೆಯಲ್ಲ, ಅದಂತೂ ಹಕ್ಕಿಯೇ ಅಲ್ಲ, ಪತಂಗ.)

‘ಗುನುಗುವ ಹಕ್ಕಿ’ಯೂ ಬೇಡ. ಗುನುಗುವುದು ಬಾಯಿಯ ಕೆಲಸ ಅಲ್ವಾ? ಇದರ ಸದ್ದು ರೆಕ್ಕೆಯದು, ದುಂಬಿಯ ಸದ್ದಿನಂತೆಯೇ. ಆದ್ದರಿಂದ ‘ಝೇಂಕಾರದ ಹಕ್ಕಿ’ ಪರವಾಗಿಲ್ಲ ಅನಿಸುತ್ತದೆ. ಆದರೂ ಮಕ್ಕಳು ಕೇಳಿರುವುದು ಹಮ್ಮಿಂಗ್‌ಬರ್ಡ್ ಎಂದೇ. ಸುಮ್ನೆ ಅದನ್ನೇ ಇಟ್ಟುಕೊಂಡರೆ ತಪ್ಪೇನು?

ಬಣ್ಣ ಬರೆಯುವುದು ಕಷ್ಟವಾಗಲಿಲ್ಲ. ಕ್ರಿಮ್ಸನ್ ಟೋಪಾಜ್ ಗಂಡಿನ ಮೈ ಕಡುಗೆಂಪು, ತಲೆ ಕಪ್ಪು, ಗಂಟಲು ಹೊನ್ನಹಸಿರು. ಬಾಲದ ಎರಡು ಉದ್ದ ಗರಿಗಳು ಕತ್ತರಿಯಂತೆ ಒಂದರ ಮೇಲೊಂದು ಹಾದುಹೋಗುತ್ತವೆ. ಬಾಲ ಸೇರಿದರೆ 20 ಸೆಂ.ಮೀ. ದಾಟುತ್ತದೆ. ಗಂಟಲಿನ ಹೊಳಪು ಬರೀ ಬಣ್ಣದ್ದಲ್ಲ, ಗರಿಯ ರಚನೆಯದು. ಬೆಳಕು ಬೀಳುವ ಕೋನ ಬದಲಾದರೆ ಅದೇ ಗಂಟಲು ಮಂಕಾಗಿ ಕಾಣುತ್ತದೆ. ಇದಕ್ಕೆ ‘ಮಿರುಗು’ ಸಾಕು ಅಂದುಕೊಂಡೆ. ಕೆಲವು ಹಮ್ಮಿಂಗ್‌ಬರ್ಡ್‌ಗಳು ರಾತ್ರಿ ಶಕ್ತಿ ಉಳಿಸಲು ಮೈಯ ಬಿಸಿ ಇಳಿಸಿಕೊಂಡು, ಎದೆಬಡಿತ ತಗ್ಗಿಸಿಕೊಂಡು ಕೂರುತ್ತವೆ. ಅದಕ್ಕೆ ‘ಮರಗಟ್ಟುತ್ತವೆ’ ಎಂದು ಬರೆದಿದ್ದೇನೆ. ಕೈಕಾಲಿಗೆ ಹೇಳುವ ಮಾತನ್ನು ಇಡೀ ಹಕ್ಕಿಗೆ ಹೇಳಿದರೆ ಅತಿಯಾಯಿತೇ?

ನಿಜವಾದ ತೊಡಕು ಎರಡನೆಯದು. ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದಲ್ಲ, ಆ ಕ್ರಿಯೆಗೆ ಏನನ್ನಬೇಕು? ಹಲವರು ‘ತೇಲು’ ಅಂತ ಬರೆಯುತ್ತಾರೆ. ಮಲ್ಪೆ ಬಂದರಿನ ಮೇಲೆ ಗರುಡ ರೆಕ್ಕೆ ಅಲ್ಲಾಡಿಸದೆ ಸುತ್ತುತ್ತದೆ. ತೇಲುವುದೆಂದರೆ ಅದು. ಹಮ್ಮಿಂಗ್‌ಬರ್ಡ್ ಒಂದು ಕ್ಷಣವೂ ರೆಕ್ಕೆಗೆ ಬಿಡುವು ಕೊಡುವುದಿಲ್ಲ. ಭುಜದ ಕೀಲು ತಿರುಗಿ, ರೆಕ್ಕೆಯ ತುದಿ ಮಲಗಿಸಿದ ಇಂಗ್ಲಿಷ್ 8ರಂತೆ ಹಿಂದೆಮುಂದೆ ಓಡುತ್ತದೆ. ಹಿಂದಕ್ಕೆ ಬೀಸಿದಾಗಲೂ ಮೈಯನ್ನು ಎತ್ತಿ ಹಿಡಿಯುತ್ತದೆ. ಹಾಗಾಗಿಯೇ ಅದು ಹಿಂದಕ್ಕೂ ಹಾರಬಲ್ಲದು. ಇಷ್ಟು ದುಡಿತ ‘ತೇಲು’ವಿನಲ್ಲಿ ಇಲ್ಲವೇ ಇಲ್ಲ.

ನಮ್ಮಲ್ಲಿ ಇದನ್ನು ಮಾಡುವ ಹಕ್ಕಿ ಇಲ್ಲವೆಂದಲ್ಲ. ನೇತ್ರಾವತಿಯ ಅಳಿವೆ ಕಡೆ ಕಪ್ಪು ಬಿಳಿ ಮಿಂಚುಳ್ಳಿ ಮೀನಿಗೆ ಎರಗುವ ಮುಂಚೆ, ಕೊಕ್ಕು ಕೆಳಗೆ ಮಾಡಿ, ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಹೊಳೆಯಲ್ಲಿ ಬಲೆ ಹಾಕುವವರು ಇದನ್ನು ದಿನಾ ನೋಡುವವರು. ಅವರ ಮಾತಿನಲ್ಲಿ ಇದಕ್ಕೊಂದು ಕ್ರಿಯಾಪದ ಇರಲೇಬೇಕು. ತುಳು, ಕುಂದಾಪ್ರ ಕನ್ನಡ, ಕೊಂಕಣಿ, ಯಾವುದಾದರೂ ಸರಿ. ಕೇಳಿದ ವಾಕ್ಯವನ್ನು ಹಾಗೇ ಬರೆದು, ಯಾವ ಊರಿನದೆಂದು ತಿಳಿಸಿ.