ಅಪ್‌ಡೇಟ್: ಗುಮಟೆ ಕೊನೆಗೂ ಸಿಕ್ಕಿತು, ಒಂದು ಒಡೆಯಿತು ಕೂಡ

ಹೋದ ತಿಂಗಳು ಕೇಳಿದ್ದೆ: ಮಗಳ ಶಾಲೆಯಲ್ಲಿ ಬೇರೆ ಬೇರೆ ಸಮುದಾಯಗಳ ಹಾಡು-ಕುಣಿತದ ಹಬ್ಬ, ಅವಳ ತರಗತಿಗೆ ಚೀಟಿಯಲ್ಲಿ ಗುಮಟೆ ಕುಣಿತ (ಕರಾವಳಿಯ ಕುಡುಬಿ ಸಮುದಾಯದವರು ಹೋಳಿ ಹಬ್ಬದಲ್ಲಿ ಗುಮಟೆ ಎಂಬ ವಾದ್ಯ ಬಾರಿಸುತ್ತಾ ಕುಣಿಯುವುದು) ಬಂದಿದೆ, ಉಡುಪಿಯಲ್ಲಿ ಗುಮಟೆ ಎಲ್ಲಿ ಸಿಗುತ್ತದೆ ಅಂತ. ಅಂಗಡಿ ಹುಡುಕಬೇಡಿ, ಸೀದಾ ಕುಡುಬಿಯರಿರುವ ಬಾರ್ಕೂರು ಕಡೆ ಹೋಗಿ ಅಂದವರಿಗೆ ದೊಡ್ಡ ನಮಸ್ಕಾರ.

ಅಲ್ಲಿ ಒಬ್ಬರು ಅಜ್ಜ ಸಿಕ್ಕಿದರು. ಹೋಳಿ ಇಲ್ಲದೆ ಗುಮಟೆ ಬಾರಿಸುವುದಾ ಅಂತ ಮೊದಲು ಹಿಂದೆಮುಂದೆ ನೋಡಿದರು. ಮಕ್ಕಳು ಕಲಿಯಲಿಕ್ಕೆ ಅಂದ ಮೇಲೆ ಒಪ್ಪಿದರು. ಗುಮಟೆ ಅಂದರೆ ಎರಡು ಬಾಯಿಯ ಮಣ್ಣಿನ ಮಡಕೆ. ಒಂದು ಬಾಯಿಗೆ ಚರ್ಮ. ಇನ್ನೊಂದನ್ನು ಅಂಗೈಯಿಂದ ಮುಚ್ಚಿ ತೆರೆದರೆ ದನಿ ಏರಿಳಿಯುತ್ತದೆ. ಮೊದಲೆಲ್ಲ ಉಡದ ಚರ್ಮ ಕಟ್ಟುತ್ತಿದ್ದರಂತೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇದೆ. ಹಾಗಾಗಿ ನಮಗೆ ಆಡಿನ ಚರ್ಮದ್ದು ಕೊಟ್ಟರು. "ನಾದ ಅಷ್ಟಿಲ್ಲ" ಅಂತ ಅಜ್ಜನಿಗೆ ಬೇಸರ. ನನ್ನ ಕಿವಿಗೇನೂ ಗೊತ್ತಾಗಲಿಲ್ಲ ಬಿಡಿ.

ಶಾಲೆಯವರು ಹಾಡಿನ ಪೆನ್‌ಡ್ರೈವ್ ಕೇಳಿದರು! ಮಕ್ಕಳೇ ಹಾಡುತ್ತಾರೆ ಅಂತ ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು. ವೇದಿಕೆ ಹತ್ತುವಾಗ ಒಂದು ಗುಮಟೆ ಬಿದ್ದು ಚೂರಾಯಿತು. ಮಗಳ ಕಣ್ಣಲ್ಲಿ ನೀರು. ಪ್ರೇಕ್ಷಕರ ನಡುವೆ ಕೂತಿದ್ದ ಅಜ್ಜ ಸುಮ್ನೆ ಎದ್ದು ಬಂದು, ತಮ್ಮದೇ ಗುಮಟೆ ಹಿಡಿದು ಮಕ್ಕಳ ಪಕ್ಕ ನಿಂತರು. ಕುಣಿತ ಸರಿಯಾಗಿ ಆದದ್ದೇ ಆಮೇಲೆ.

ನಮ್ಮ ನಂತರ ಕರಾವಳಿಯ ಬ್ಯಾರಿ ಮುಸ್ಲಿಮರ ದಫ್ ವಾದ್ಯದ ಹಾಡು-ಕುಣಿತ, ಆಫ್ರಿಕಾ ಮೂಲದ ಸಿದ್ದಿಯರ ಡೋಲಿನ ಕುಣಿತ ಡಮಾಮಿ. ಡಮಾಮಿಗೆ ಚಪ್ಪಾಳೆ ಜಾಸ್ತಿ, ಒಪ್ಪಿಕೊಳ್ಳಬೇಕು.

ಒಡೆದ ಗುಮಟೆಗೆ ಅಜ್ಜ ದುಡ್ಡು ಮುಟ್ಟಲಿಲ್ಲ. ಹೋಳಿ ಹಬ್ಬಕ್ಕೆ ಬನ್ನಿ ಅಂದಿದ್ದಾರೆ.